ಒರಾಂಗುಟಾನ್ ಮರಿ ಎಷ್ಟು ವರ್ಷ ಹಾಲು ಕುಡಿಯಿತು ಅಂತ ಹಲ್ಲು ನೋಡಿ ಹೇಳುವುದು ಹೇಗೆ?

ಓದುಗರ ಪ್ರಶ್ನೆ: ಒರಾಂಗುಟಾನ್ ಮರಿಗಳು ಎಂಟು ವರ್ಷ ದಾಟಿದರೂ ತಾಯಿಯ ಹಾಲು ಕುಡಿಯುತ್ತವಂತೆ. ಹಲ್ಲಿನಲ್ಲಿರುವ ಬೇರಿಯಂ ಅಳೆದು ಇದನ್ನು ಕಂಡುಕೊಂಡಿದ್ದಾರೆ ಅಂತ ಓದಿದೆ. ಹಾಲು ಕುಡಿದದ್ದು ಹಲ್ಲಿನಲ್ಲಿ ಹೇಗೆ ಉಳಿಯುತ್ತದೆ? ಕಾಡಿನಲ್ಲಿ ಕೂತು ನೋಡಿದರೆ ಸಾಲದಾ? ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನಂಬಬಹುದು. ಆದರೆ ಯಾವ ಭಾಗವನ್ನು ಪೂರ್ತಿ ನಂಬಬೇಕು, ಯಾವ ಭಾಗವನ್ನು ಸ್ವಲ್ಪ ಹಿಡಿದು ನಂಬಬೇಕು ಅನ್ನುವುದು ತಿಳಿದಿರಬೇಕು. ನೀವು ಓದಿದ್ದು 2017ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಸುದ್ದಿ ಇರಬೇಕು. ಟಾನ್ಯಾ ಸ್ಮಿತ್, ಕ್ರಿಸ್ಟೀನ್ ಆಸ್ಟಿನ್, ಕೇಟಿ ಹಿಂಡ್, ಎರಿನ್ ವೋಗೆಲ್, ಮನೀಶ್ ಅರೋರಾ ಸೇರಿ ಮಾಡಿದ ಕೆಲಸ ಅದು. ಎಂಟು ವರ್ಷ ಅನ್ನುವ ಅಂಕಿ ಎಲ್ಲರ ಕಣ್ಣಿಗೂ ಬಿತ್ತು. ನನಗೆ ಮಾತ್ರ ಅದೇ ಅಧ್ಯಯನದ ಇನ್ನೊಂದು ಸಂಗತಿ ಹೆಚ್ಚು ದೊಡ್ಡದಾಗಿ ಕಂಡಿದೆ: ಹಾಲು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗುವುದಿಲ್ಲ, ಕಡಿಮೆಯಾಗುತ್ತದೆ, ಮತ್ತೆ ಜಾಸ್ತಿಯಾಗುತ್ತದೆ, ಮತ್ತೆ ಕಡಿಮೆಯಾಗುತ್ತದೆ, ಹೀಗೆ ವರ್ಷಗಟ್ಟಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಡಿನ ಮಾತು. ಒರಾಂಗುಟಾನ್ ಇರುವುದು ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳಲ್ಲಿ, ಅದೂ ಮರದ ತುದಿಯಲ್ಲಿ. ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗೆ ಎಲೆಗಳ ನಡುವೆ ಕೆಂಪು ಕೂದಲು ಕಾಣುತ್ತದೆ, ಅಷ್ಟೆ. ಸಂಜೆಯಾದರೆ ತಾಯಿ ಕೊಂಬೆ ಬಗ್ಗಿಸಿ ಗೂಡು ಕಟ್ಟಿಕೊಂಡು ಮರಿಯನ್ನು ತಬ್ಬಿ ಮಲಗುತ್ತಾಳೆ. ಆ ರಾತ್ರಿಯಲ್ಲಿ ಮರಿ ಹಾಲು ಕುಡಿಯಿತೋ ಇಲ್ಲವೋ ನೋಡುವವರು ಯಾರು? ಹಗಲಿನಲ್ಲಿ ಕಂಡರೂ ಇನ್ನೊಂದು ತೊಡಕಿದೆ. ಮೊಲೆ ಬಾಯಲ್ಲಿದ್ದ ಮಾತ್ರಕ್ಕೆ ಹಾಲು ಇಳಿಯುತ್ತಿದೆ ಅಂತ ಹೇಳಲಾಗದು. ಸುಮ್ನೆ ಸಮಾಧಾನಕ್ಕೆ ಬಾಯಿ ಹಾಕುವ ಮರಿಗಳು ಬೇಕಾದಷ್ಟಿವೆ. ಮಕ್ಕಳನ್ನು ಸಾಕಿದವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ.

ಚಿಂಪಾಂಜಿಗಳ ವಿಷಯದಲ್ಲಿ ನೋಡುವುದು ಸ್ವಲ್ಪ ಸುಲಭ, ಅವು ನೆಲಕ್ಕೂ ಇಳಿಯುತ್ತವೆ. ತಾಂಜಾನಿಯಾದ ಗೊಂಬೆ ಅನ್ನುವ ಕಾಡಿನಲ್ಲಿ ಜೇನ್ ಗುಡಾಲ್ ಅವರ ತಂಡ ಫ್ಲೋ ಅನ್ನುವ ತಾಯಿಯನ್ನೂ ಅವಳ ಮಗ ಫ್ಲಿಂಟ್‌ನನ್ನೂ ವರ್ಷಗಳ ಕಾಲ ಹಿಂಬಾಲಿಸಿತು. ಫ್ಲೋ ಆಗಲೇ ಮುದುಕಿ. ಹಾಲು ಬಿಡಿಸಲು ಹೋದಾಗಲೆಲ್ಲ ಫ್ಲಿಂಟ್ ಕಿರುಚಿ ರಂಪ ಮಾಡುತ್ತಿದ್ದ, ಅವಳನ್ನು ಹೊಡೆಯುತ್ತಿದ್ದ, ಕಚ್ಚುತ್ತಿದ್ದ. ದೊಡ್ಡವನಾದ ಮೇಲೂ ಅವಳ ಬೆನ್ನೇರುತ್ತಿದ್ದ, ಅವಳ ಗೂಡಿನಲ್ಲೇ ಮಲಗುತ್ತಿದ್ದ. 1972ರಲ್ಲಿ ಫ್ಲೋ ಸತ್ತಳು. ಕೆಲವೇ ವಾರಗಳಲ್ಲಿ ಫ್ಲಿಂಟ್ ಕೂಡ ಹೋದ, ಆಗ ಅವನಿಗೆ ಸುಮಾರು ಎಂಟೂವರೆ ವರ್ಷ. ಇಷ್ಟು ಹತ್ತಿರದಿಂದ ನೋಡಿದ ಕಥೆಯಲ್ಲೂ ಒಂದು ಸಂಗತಿ ಕಣ್ಣಿಗೆ ಸಿಗುವುದಿಲ್ಲ. ಯಾವ ತಿಂಗಳು ಅವನ ಹೊಟ್ಟೆಗೆ ಎಷ್ಟು ಹಾಲು ಹೋಯಿತು ಅನ್ನುವುದನ್ನು ನಡವಳಿಕೆ ನೋಡಿ ಹೇಳಲಾಗುವುದಿಲ್ಲ. ಹಲ್ಲು ಬೇಕಾಗುವುದು ಇಲ್ಲಿಯೇ.

ಹಲ್ಲು ಪದರ ಪದರವಾಗಿ ಬೆಳೆಯುತ್ತದೆ, ಮರದ ಕಾಂಡದ ಉಂಗುರಗಳ ಹಾಗೆ. ಒಂದೇ ವ್ಯತ್ಯಾಸ, ಮರಕ್ಕೆ ವರ್ಷಕ್ಕೊಂದು ಉಂಗುರ, ಹಲ್ಲಿಗೆ ದಿನಕ್ಕೊಂದು ಗೆರೆ. ಹೊರಗಿನ ಬಿಳಿ ಕವಚ ಎನಾಮಲ್, ಅದರೊಳಗಿನದು ಡೆಂಟಿನ್. ಎನಾಮಲ್ ಕಟ್ಟುವ ಜೀವಕೋಶಗಳು ದಿನಕ್ಕೆ ಕೆಲವೇ ಮೈಕ್ರಾನ್ ದಪ್ಪ ಕಟ್ಟುತ್ತವೆ, ಹಗಲು ರಾತ್ರಿಯ ಲಯಕ್ಕೆ ಗೆರೆ ಮೂಡುತ್ತದೆ. ಕೆಲವು ದಿನಕ್ಕೊಮ್ಮೆ ಇನ್ನೊಂದು ದಪ್ಪ ಗೆರೆ ಬೀಳುತ್ತದೆ, ಮನುಷ್ಯರಲ್ಲಿ ಹೆಚ್ಚಾಗಿ ಎಂಟು-ಒಂಬತ್ತು ದಿನಕ್ಕೊಂದು. ಹಲ್ಲನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಇವೆಲ್ಲ ಕಾಣುತ್ತವೆ. ಮೂಳೆ ಜೀವನವಿಡೀ ಕರಗಿ ಮತ್ತೆ ಕಟ್ಟಿಕೊಳ್ಳುತ್ತಲೇ ಇರುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಎನಾಮಲ್ ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮುಗಿಯಿತು, ಸಾಯುವ ತನಕ, ಸತ್ತ ಮೇಲೂ, ಅದು ಹಾಗೇ ಇರುತ್ತದೆ.

ಇದರಲ್ಲಿ ನನಗೆ ಈಗಲೂ ರೋಮಾಂಚನ ತರುವ ಗೆರೆ ಒಂದಿದೆ. ಅದು ಹುಟ್ಟಿದ ದಿನದ ಗೆರೆ. ಮೊದಲ ಶಾಶ್ವತ ದವಡೆ ಹಲ್ಲು ತಾಯಿಯ ಹೊಟ್ಟೆಯಲ್ಲೇ ಕಟ್ಟಿಕೊಳ್ಳಲು ಶುರುವಾಗಿರುತ್ತದೆ. ಹೆರಿಗೆಯ ಏರುಪೇರಿಗೆ ಆ ದಿನ ಕಟ್ಟಿದ ಪದರ ಬೇರೆಯಾಗಿ ಕಾಣುತ್ತದೆ. ಅಲ್ಲಿಂದ ದಿನಗಳನ್ನು ಎಣಿಸುತ್ತಾ ಹೋದರೆ ಹಲ್ಲಿನ ಯಾವ ಜಾಗ ಯಾವ ವಯಸ್ಸಿನಲ್ಲಿ ಕಟ್ಟಿದ್ದು ಅಂತ ಹೇಳಬಹುದು. ಕಾಯಿಲೆ, ಹಸಿವು, ಪೆಟ್ಟು ಬಿದ್ದಾಗಲೂ ಇಂಥ ಗಾಢ ಗೆರೆ ಬೀಳುತ್ತದೆ. ಅದೇ ಕಾಯಿಲೆಯ ಗೆರೆ ಆಗ ಬೆಳೆಯುತ್ತಿದ್ದ ಎಲ್ಲ ಹಲ್ಲುಗಳಲ್ಲೂ ಬೀಳುವುದರಿಂದ ಒಂದು ಹಲ್ಲು ಮುಗಿದಲ್ಲಿಂದ ಇನ್ನೊಂದು ಹಲ್ಲಿಗೆ ಲೆಕ್ಕವನ್ನು ದಾಟಿಸಬಹುದು. ಎಂಟು ವರ್ಷದ ಕಥೆ ಒಂದೇ ಹಲ್ಲಿನಲ್ಲಿ ಸಿಗುವುದಿಲ್ಲ, ಎರಡು ಮೂರು ದವಡೆ ಹಲ್ಲುಗಳನ್ನು ಹೀಗೆ ಜೋಡಿಸಬೇಕು.

ಈಗ ಬೇರಿಯಂ. ಆವರ್ತ ಕೋಷ್ಟಕದಲ್ಲಿ ಕ್ಯಾಲ್ಸಿಯಂ ಇರುವ ಕಂಬದಲ್ಲೇ ಅದರ ಕೆಳಗೆ ಸ್ಟ್ರಾನ್ಷಿಯಂ, ಅದರ ಕೆಳಗೆ ಬೇರಿಯಂ ಇದೆ. ಗುಣದಲ್ಲಿ ಹತ್ತಿರದವು. ಹಾಗಾಗಿ ದೇಹ ಹಲ್ಲು ಕಟ್ಟುವಾಗ ಕ್ಯಾಲ್ಸಿಯಂ ಕೂರಬೇಕಾದ ಕೆಲವು ಜಾಗದಲ್ಲಿ ಇವೂ ಕೂತುಬಿಡುತ್ತವೆ. ಹೊಟ್ಟೆಯಲ್ಲಿರುವ ಮಗುವಿಗೆ ಬೇರಿಯಂ ಸಿಗುವುದು ತೀರ ಕಡಿಮೆ, ಯಾಕೆಂದರೆ ಮಾಸು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಹುಟ್ಟಿ ಹಾಲು ಕುಡಿಯತೊಡಗಿದ ಮೇಲೆ ಹೆಚ್ಚು ಸಿಗುತ್ತದೆ. ಹಣ್ಣು ಎಲೆ ತಿನ್ನಲು ಶುರು ಮಾಡಿ ಹಾಲು ಕಡಿಮೆಯಾದಂತೆ ಮತ್ತೆ ಇಳಿಯುತ್ತದೆ. ಹುಟ್ಟಿದ ದಿನದ ಗೆರೆಯ ಆಚೆ ಕಡಿಮೆ, ಈಚೆ ಜಾಸ್ತಿ. ಹಲ್ಲಿನ ನಕ್ಷೆಯಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಅಳೆಯುವ ಕೆಲಸ ಹೀಗೆ. ಸೀಳಿದ ಹಲ್ಲನ್ನು ನಯ ಮಾಡಿ ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಲೇಸರ್ ಕಿರಣವನ್ನು ಸಾಲು ಸಾಲಾಗಿ ಓಡಿಸುತ್ತಾರೆ. ಅದು ಸುಟ್ಟ ಕಡೆ ಏಳುವ ಸೂಕ್ಷ್ಮ ಧೂಳನ್ನು ಅನಿಲದ ಜೊತೆ ಎಳೆದುಕೊಂಡು ಉರಿಯುವ ಪ್ಲಾಸ್ಮಾಕ್ಕೆ, ಅಂದರೆ ವಿಪರೀತ ಕಾದ ಅನಿಲಕ್ಕೆ, ಬಿಟ್ಟರೆ ಅಣುಗಳು ಒಡೆದು ಬಿಡಿ ಬಿಡಿಯಾಗುತ್ತವೆ, ಮಾಸ್ ಸ್ಪೆಕ್ಟ್ರೋಮೀಟರ್ ಪ್ರತಿ ಧಾತುವನ್ನೂ ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಬೇರಿಯಂ ಎಷ್ಟಿದೆ ಅನ್ನುವುದನ್ನು ಯಾವಾಗಲೂ ಕ್ಯಾಲ್ಸಿಯಂಗೆ ಹೋಲಿಸಿ ಹೇಳುತ್ತಾರೆ. ಹಲ್ಲಿಗೆ ಪೆಟ್ಟಾಗುತ್ತದೆ, ನಿಜ. ಹಾಗಾಗಿ ಒಂದೊಂದು ಹಲ್ಲು ಸೀಳುವ ಮುಂಚೆಯೂ ಹತ್ತು ಸಲ ಯೋಚಿಸುತ್ತಾರೆ. ಒರಾಂಗುಟಾನ್ ಅಧ್ಯಯನಕ್ಕೆ ಹೊಸದಾಗಿ ಯಾವ ಪ್ರಾಣಿಯನ್ನೂ ಮುಟ್ಟಲಿಲ್ಲ, ಬಹಳ ಹಿಂದೆ ಕಾಡಿನಿಂದ ತಂದು ಮ್ಯೂಸಿಯಂಗಳಲ್ಲಿ ಇಟ್ಟಿದ್ದ ತಲೆಬುರುಡೆಗಳ ಹಲ್ಲುಗಳನ್ನು ಬಳಸಿದರು.

ಬೇರಿಯಂ ನಿಜವಾಗಿ ಹಾಲನ್ನೇ ಹೇಳುತ್ತಿದೆಯಾ ಅನ್ನುವುದಕ್ಕೆ ಪರೀಕ್ಷೆ 2013ರಲ್ಲೇ ಆಗಿತ್ತು, ನೇಚರ್ ಪತ್ರಿಕೆಯಲ್ಲಿ ಬಂತು. ಈ ವಿಷಯದಲ್ಲಿ ಒಂದನ್ನೇ ಓದಬೇಕು ಅಂದರೆ ನಾನು ಅದನ್ನೇ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಪ್ರೈಮೇಟ್ ಸಂಶೋಧನಾ ಕೇಂದ್ರದಲ್ಲಿ ಮಕಾಕ್ ಕೋತಿಗಳ ಮರಿಗಳು ಯಾವಾಗ ಹಾಲು ಕುಡಿದವು, ಯಾವಾಗ ಬಿಟ್ಟವು ಅಂತ ಬರೆದಿಟ್ಟಿದ್ದರು. ಅವುಗಳ ಹಲ್ಲಿನ ಬೇರಿಯಂ ಆ ದಾಖಲೆಗೆ ಹೊಂದಿಕೊಂಡಿತು. ಅದರಲ್ಲಿ ಒಂದು ಮರಿಯನ್ನು 166ನೇ ದಿನ ತಾಯಿಯಿಂದ ಬೇರೆ ಮಾಡಬೇಕಾಗಿ ಬಂದಿತ್ತು. ಅದರ ಹಲ್ಲಿನಲ್ಲಿ ಬೇರಿಯಂ ಆ ವಯಸ್ಸಿನ ಹತ್ತಿರ ಮೆಟ್ಟಿಲು ಇಳಿದಂತೆ ಥಟ್ಟನೆ ಬಿದ್ದಿದೆ. ಉಳಿದ ಮರಿಗಳಲ್ಲಿ ಇಳಿತ ನಿಧಾನ. ಅದೇ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳ ಉದುರಿದ ಹಾಲುಹಲ್ಲುಗಳನ್ನೂ ನೋಡಿದರು, ಆ ತಾಯಂದಿರು ಎಷ್ಟು ತಿಂಗಳು ಎದೆಹಾಲು ಕೊಟ್ಟರು ಅನ್ನುವುದು ಮೊದಲೇ ದಾಖಲಾಗಿತ್ತು. ಉತ್ತರ ಗೊತ್ತಿರುವ ಹಲ್ಲಿನಲ್ಲಿ ವಿಧಾನ ಪಾಸಾದ ಮೇಲೆ ಉತ್ತರ ಗೊತ್ತಿಲ್ಲದ ಹಲ್ಲಿಗೆ ಹೋದರು. ನಿಮ್ಮ "ಎಷ್ಟು ನಂಬಬಹುದು" ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಇನ್ನು ಒರಾಂಗುಟಾನ್. ಮೊದಲ ವರ್ಷ ಬೇರಿಯಂ ಏರುತ್ತಾ ಹೋಗುತ್ತದೆ, ಅಂದರೆ ಆಗ ಮುಖ್ಯ ಆಹಾರ ಹಾಲೇ. ಆಮೇಲೆ ಇಳಿಯುತ್ತದೆ. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಏರುತ್ತದೆ. ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ಹೀಗೆ ಏರಿಳಿತ. ಕೊನೆಯ ಗುರುತುಗಳು ಎಂಟು ವರ್ಷ ದಾಟಿದ ಮೇಲೂ ಇವೆ, ಒಂದು ಪ್ರಾಣಿಯಲ್ಲಿ 8.8 ವರ್ಷದ ತನಕ.

ಯಾಕೆ ಹೀಗೆ ಏರಿಳಿಯಬೇಕು? ಬೋರ್ನಿಯೊ ಕಾಡನ್ನು ಸ್ವಲ್ಪ ತಿಳಿದರೆ ಅರ್ಥವಾಗುತ್ತದೆ. ಅಲ್ಲಿ ಹಣ್ಣು ವರ್ಷವಿಡೀ ಒಂದೇ ಸಮನೆ ಸಿಗುವುದಿಲ್ಲ. ಡಿಪ್ಟೆರೊಕಾರ್ಪ್ ಜಾತಿಯ ದೊಡ್ಡ ಮರಗಳು ಕೆಲವು ವರ್ಷಕ್ಕೊಮ್ಮೆ ಎಲ್ಲ ಸೇರಿ ಒಟ್ಟಿಗೆ ಕಾಯಿ ಬಿಡುತ್ತವೆ, ಬೇರೆ ಮರಗಳೂ ಆಗಲೇ ಜೊತೆಗೂಡುತ್ತವೆ, ಕಾಡು ತುಂಬ ಹಣ್ಣು. ನಂತರ ತಿಂಗಳುಗಟ್ಟಲೆ ಬರ. ಷೆರಿಲ್ ನಾಟ್ ಅನ್ನುವ ವಿಜ್ಞಾನಿ ಬೋರ್ನಿಯೊದ ಪಶ್ಚಿಮ ಕಾಲಿಮಾಂಟನ್‌ನ ಗುನುಂಗ್ ಪಾಲುಂಗ್ ಕಾಡಿನಲ್ಲಿ ಒರಾಂಗುಟಾನ್‌ಗಳ ಮೂತ್ರ ಹಿಡಿದು ಪರೀಕ್ಷಿಸಿದ್ದರು. ಹಣ್ಣಿಲ್ಲದ ತಿಂಗಳುಗಳಲ್ಲಿ ಅದರಲ್ಲಿ ಕೀಟೋನ್ ಕಂಡಿತು ಅಂತ 1998ರಲ್ಲಿ ಬರೆದರು. ಕೀಟೋನ್ ಬಂತು ಅಂದರೆ ದೇಹ ತನ್ನದೇ ಕೊಬ್ಬನ್ನು ಕರಗಿಸಿ ಬದುಕುತ್ತಿದೆ ಅಂತ. ಆಗ ಅವು ಮರದ ತೊಗಟೆ ತಿನ್ನುತ್ತವೆ. ನಾಲ್ಕು ವರ್ಷದ ಮರಿಗೆ ತೊಗಟೆ ಸುಲಿದು ಅಗಿದು ಹೊಟ್ಟೆ ತುಂಬಿಸಿಕೊಳ್ಳುವುದು ಸುಲಭವಾ? ಅದಕ್ಕಿರುವ ಇನ್ನೊಂದು ದಾರಿ ತಾಯಿ. ಹಣ್ಣಿರುವಾಗ ಮರಿ ತಾನೇ ತಿನ್ನುತ್ತದೆ, ಹಣ್ಣು ಮುಗಿದಾಗ ಮೊಲೆಗೆ ವಾಪಸ್ ಬರುತ್ತದೆ. ಹಲ್ಲಿನ ಏರಿಳಿತವನ್ನು ಸಂಶೋಧಕರು ಓದಿದ್ದು ಹೀಗೆ, ನನಗೂ ಇದೇ ಸರಿ ಅನಿಸುತ್ತದೆ.

ಮನುಷ್ಯರ ದಾರಿಯೇ ಬೇರೆ, ಅದನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಆರು ತಿಂಗಳಾದ ಮಗುವಿಗೆ ರಾಗಿ ಸರಿ ಕಾಯಿಸಿ ತಿನ್ನಿಸುತ್ತೇವೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಸೋಸಿ, ಬೇಯಿಸಿ, ಹಲ್ಲಿಲ್ಲದ ಬಾಯಿಗೆ ಹೊಂದುವ ಹಾಗೆ ಮಾಡುವವರು ದೊಡ್ಡವರು. ತಾಯಿ ಒಬ್ಬಳೇ ಅಲ್ಲ, ಅಜ್ಜಿ, ಚಿಕ್ಕಮ್ಮ, ಅಕ್ಕ ಎಲ್ಲರೂ ಕೈ ಹಾಕುತ್ತಾರೆ. ಒರಾಂಗುಟಾನ್ ತಾಯಿಗೆ ಒಲೆಯೂ ಇಲ್ಲ, ಕೈ ಜೋಡಿಸುವವರೂ ಇಲ್ಲ. ಹಾಲು ಮತ್ತು ಕಾಡಿನ ಒರಟು ತಿನಿಸು, ಇವೆರಡರ ನಡುವೆ ಮರಿಗೆ ಅಂತ ಮಾಡಿದ ಮೆತ್ತನೆಯ ಊಟ ಯಾವುದೂ ಇಲ್ಲ. ಹಾಲು ಅಷ್ಟು ವರ್ಷ ಎಳೆಯುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಹಳೆಯ ನಂಬಿಕೆಯೂ ಈ ನಡುವೆ ಸಡಿಲವಾಗಿದೆ. ಮೊದಲ ದವಡೆ ಹಲ್ಲು ಹುಟ್ಟಿದರೆ ಹಾಲು ಬಿಟ್ಟ ಹಾಗೆ ಅಂತ ಬಹಳ ಕಾಲ ಲೆಕ್ಕ ಹಾಕುತ್ತಿದ್ದರು. ಬೇರೆ ಬೇರೆ ಜಾತಿಯ ಸರಾಸರಿಗಳನ್ನು ಅಕ್ಕಪಕ್ಕ ಇಟ್ಟರೆ ಎರಡೂ ಚೆನ್ನಾಗಿ ಕೂಡಿಬರುತ್ತಿದ್ದವು. ಹಾಗಾಗಿ ಪಳೆಯುಳಿಕೆಯ ದವಡೆಯಲ್ಲಿ ಹಲ್ಲು ಹುಟ್ಟಿದ ವಯಸ್ಸು ಸಿಕ್ಕಿದರೆ ಹಾಲು ಬಿಟ್ಟ ವಯಸ್ಸೂ ಸಿಕ್ಕಿತು ಅನ್ನುತ್ತಿದ್ದರು. ಆಮೇಲೆ ಉಗಾಂಡಾದ ಕಿಬಾಲೆ ಕಾಡಿನ ಚಿಂಪಾಂಜಿ ಮರಿಗಳು ಬಾಯಿ ತೆರೆದಾಗ ಫೋಟೊ ತೆಗೆದು ನೋಡಿದರು, 2013ರಲ್ಲಿ ಅದು ಪ್ರಕಟವಾಯಿತು. ಮೂರು ವರ್ಷದ ಆಸುಪಾಸಿನಲ್ಲಿ ದವಡೆ ಹಲ್ಲು ಬಂದಿದೆ, ಮರಿಗಳು ದೊಡ್ಡವರ ತಿನಿಸನ್ನೂ ತಿನ್ನುತ್ತಿವೆ, ಹಾಲನ್ನೂ ಕುಡಿಯುತ್ತಲೇ ಇವೆ. ಚಿಂಪಾಂಜಿಗಳು ಸಾಮಾನ್ಯವಾಗಿ ಪೂರ್ತಿ ಹಾಲು ಬಿಡುವುದು ನಾಲ್ಕೈದು ವರ್ಷಕ್ಕೆ, ಗೊರಿಲ್ಲಾಗಳು ಅದಕ್ಕಿಂತ ಸ್ವಲ್ಪ ಮುಂಚೆ. ಹಲ್ಲು ಹುಟ್ಟುವುದು ಅಗಿಯುವ ಶಕ್ತಿ ಬಂತು ಅಂತ ಹೇಳುತ್ತದೆ, ಹಾಲಿನ ವಿಷಯ ತಿಳಿಯಬೇಕಾದರೆ ಹಲ್ಲಿನ ಒಳಗೇ ಹೋಗಬೇಕು.

ಈಗ ಹುಷಾರಾಗಿರಬೇಕಾದ ಭಾಗ. ಬೇರಿಯಂ ಏರಿತು ಅಂದ ತಕ್ಷಣ ಇಷ್ಟು ಲೋಟ ಹಾಲು ಜಾಸ್ತಿ ಕುಡಿಯಿತು ಅಂತ ಲೆಕ್ಕ ಮಾಡಲಾಗದು. ಹಾಲೂಡಿಸುವ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಅದರ ಜೊತೆ ಮೂಳೆಯಲ್ಲಿ ಕೂತಿದ್ದ ಬೇರಿಯಂ ಕೂಡ ಬರಬಹುದು. ಹಾಗಾದರೆ ಬರಗಾಲದಲ್ಲಿ ಮರಿ ಜಾಸ್ತಿ ಕುಡಿಯಿತೋ, ಹಾಲಿನಲ್ಲೇ ಬೇರಿಯಂ ಜಾಸ್ತಿ ಇತ್ತೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಗಿಡಗಳಲ್ಲೂ ಬೇರಿಯಂ ಒಂದೇ ಸಮ ಇರುವುದಿಲ್ಲ, ಮಣ್ಣಿನ ಮೇಲೆ, ಗಿಡದ ಜಾತಿಯ ಮೇಲೆ ಬದಲಾಗುತ್ತದೆ. ಮನುಷ್ಯರ ಮಕ್ಕಳಲ್ಲಂತೂ ಡಬ್ಬಿ ಹಾಲು ಶುರು ಮಾಡಿದರೆ ಬೇರಿಯಂ ಏರುತ್ತದೆ, ಎದೆಹಾಲಿಗಿಂತ ಅದರಲ್ಲಿ ಜಾಸ್ತಿ ಇರುವುದರಿಂದ. ಇನ್ನೊಂದು ತಾಂತ್ರಿಕ ತೊಡಕು ಎನಾಮಲ್‌ನದು. ಅದು ಮೊದಲು ಮೆತ್ತಗೆ ಕಟ್ಟಿಕೊಂಡು ಆಮೇಲೆ ನಿಧಾನವಾಗಿ ಖನಿಜ ತುಂಬಿಕೊಳ್ಳುತ್ತದೆ, ಹಾಗಾಗಿ ಒಂದು ತಿಂಗಳ ಗುರುತು ಮುಂದಿನ ತಿಂಗಳುಗಳ ಜೊತೆ ಸ್ವಲ್ಪ ಕಲಸಿಹೋಗುತ್ತದೆ. ಎನಾಮಲ್ ಮತ್ತು ಡೆಂಟಿನ್ ಸೇರುವ ಗಡಿಯ ಹತ್ತಿರ ಅಳೆಯುವುದು ಇದೇ ಕಾರಣಕ್ಕೆ. ಹಳೆಯ ಹಲ್ಲಾದರೆ ಹೂತಿದ್ದ ಮಣ್ಣಿನಿಂದ ಬೇರಿಯಂ ನುಗ್ಗಿರಬಹುದು, ಅದನ್ನೂ ಪರೀಕ್ಷಿಸಿ ನೋಡಬೇಕು.

ಅದಕ್ಕೇ ಒಂದೇ ಧಾತುವಿನ ಮೇಲೆ ಭಾರ ಹಾಕದೆ ಬೇರೆ ಗುರುತುಗಳನ್ನೂ ನೋಡುತ್ತಾರೆ. ಸ್ಟ್ರಾನ್ಷಿಯಂ ಹಾಲಿನಲ್ಲಿ ಕಡಿಮೆ, ಸಸ್ಯದಲ್ಲಿ ಜಾಸ್ತಿ, ಹಾಗಾಗಿ ತಿನಿಸು ಶುರುವಾದರೆ ಅದು ಏರುತ್ತದೆ. ಡೆಂಟಿನ್‌ನಲ್ಲಿರುವ ಪ್ರೋಟೀನಿನ ಸಾರಜನಕ ಇನ್ನೊಂದು ದಾರಿ: ಹಾಲು ಕುಡಿಯುವ ಮರಿಯಲ್ಲಿ ಭಾರವಾದ ಸಾರಜನಕದ ಪಾಲು ತಾಯಿಗಿಂತ ಸಾವಿರಕ್ಕೆ ಎರಡು ಮೂರರಷ್ಟು ಜಾಸ್ತಿ ಇರುತ್ತದೆ, ಯಾಕೆಂದರೆ ಅದು ತಾಯಿಯ ದೇಹ ತಯಾರಿಸಿದ್ದನ್ನೇ ತಿನ್ನುತ್ತಿದೆ. ಐವರಿ ಕೋಸ್ಟ್‌ನ ತಾಯ್ ಕಾಡಿನಲ್ಲಿ ಸತ್ತ ಚಿಂಪಾಂಜಿಗಳ ಹಲ್ಲಿನಲ್ಲಿ ಹೀಗೆ ನೋಡಿದ್ದಾರೆ. ಅಲ್ಲಿನ ಹಲ್ಲುಗಳಿಗೆ ತುಂಬಾ ಬೆಲೆ, ಯಾಕೆಂದರೆ ಹಲವು ಪ್ರಾಣಿಗಳ ಹುಟ್ಟು, ತಾಯಿ, ಸಾವು ಎಲ್ಲ ಮೊದಲೇ ಗೊತ್ತು.

ಪಳೆಯುಳಿಕೆಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಅದಕ್ಕೆ ಬೇರೆಯೇ ಉತ್ತರ ಬರೆಯಬೇಕು. ಬೆಲ್ಜಿಯಂನ ಸ್ಕ್ಲಾಡಿನಾ ಗುಹೆಯ ನಿಯಾಂಡರ್ತಲ್ (ಅಳಿದುಹೋದ, ನಮಗೆ ತೀರ ಹತ್ತಿರದ ಮಾನವ ಬಳಗ) ಮಗು ಏಳು ತಿಂಗಳು ಬರೀ ಹಾಲು, ಇನ್ನೊಂದು ಏಳು ತಿಂಗಳು ಹಾಲು ಮತ್ತು ಊಟ, ನಂತರ 1.2 ವರ್ಷಕ್ಕೆ ಥಟ್ಟನೆ ಹಾಲು ಬಂದ್. ಫ್ರಾನ್ಸಿನ ಪೇರ್‌ನಲ್ಲಿ ಸಿಕ್ಕಿದ, ಸುಮಾರು 2,50,000 ವರ್ಷ ಹಿಂದಿನ ಇನ್ನೊಂದು ನಿಯಾಂಡರ್ತಲ್ ಮಗು ಎರಡೂವರೆ ವರ್ಷದ ತನಕ ಕುಡಿದಿದೆ. ಆದ್ದರಿಂದ ಒಂದು ಹಲ್ಲು ನೋಡಿ ನಿಯಾಂಡರ್ತಲ್‌ಗಳು ಹೀಗೆ ಅಂತ ಹೇಳುವವರನ್ನು ನಂಬಬೇಡಿ, ಆ ಸ್ಕ್ಲಾಡಿನಾ ಮಗುವಿನ ತಾಯಿ ಸತ್ತಿದ್ದರೂ ಸತ್ತಿರಬಹುದು. ಒರಾಂಗುಟಾನ್ ಥರದ ಏರಿಳಿತ ಕಂಡದ್ದು ದಕ್ಷಿಣ ಆಫ್ರಿಕಾದ ಸ್ಟರ್ಕ್‌ಫಾಂಟೈನ್‌ನ ಆಸ್ಟ್ರಲೋಪಿಥೆಕಸ್ (ಮನುಷ್ಯರ ಬಹಳ ಹಳೆಯ ಬಂಧು) ಹಲ್ಲುಗಳಲ್ಲಿ, ಇಪ್ಪತ್ತು ಲಕ್ಷ ವರ್ಷಕ್ಕೂ ಹಳೆಯವು. ಮೊದಲ ವರ್ಷ ಹಾಲು, ಆಮೇಲೆ ನಾಲ್ಕೈದು ವರ್ಷದ ತನಕ ಹಸಿವಿನ ಕಾಲದಲ್ಲಿ ಮತ್ತೆ ಮತ್ತೆ ಬೇರಿಯಂ, ಲಿಥಿಯಂ ಏರಿವೆ ಅಂತ 2019ರಲ್ಲಿ ವರದಿಯಾಯಿತು. ಅದೇ ವರ್ಷ ಕ್ಯಾಲ್ಸಿಯಂ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಅಳೆದ ಇನ್ನೊಂದು ತಂಡ ಆಸ್ಟ್ರಲೋಪಿಥೆಕಸ್ ಹೆಚ್ಚು ಕಾಲ ಹಾಲು ಕುಡಿದ ಗುರುತು ಕಾಣುವುದಿಲ್ಲ, ಆದಿ ಹೋಮೋ, ಅಂದರೆ ನಮ್ಮದೇ ಕುಲದ ಮೊದಲಿನವರು, ಮಾತ್ರ ಮೂರು ನಾಲ್ಕು ವರ್ಷ ಕುಡಿದಿದೆ ಅಂದಿತು. ಇಬ್ಬರೂ ಗಟ್ಟಿ ಕೆಲಸದವರೇ. ಜಗಳ ಇನ್ನೂ ಬಗೆಹರಿದಿಲ್ಲ.

ಇಷ್ಟೆಲ್ಲ ತಿಳಿದು ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನನಗೆ ಮುಖ್ಯವಾದದ್ದು ಇದು. ಮರಿ ಹಾಲು ಕುಡಿಯುತ್ತಿರುವ ತನಕ ತಾಯಿ ಸಾಮಾನ್ಯವಾಗಿ ಮತ್ತೆ ಬಸುರಿಯಾಗುವುದಿಲ್ಲ. ಒರಾಂಗುಟಾನ್‌ಗಳಲ್ಲಿ ಒಂದು ಮರಿಗೂ ಇನ್ನೊಂದಕ್ಕೂ ಏಳೆಂಟು ವರ್ಷದ ಅಂತರ, ಬೇರೆ ಯಾವ ದೊಡ್ಡ ವಾನರದಲ್ಲೂ ಇಷ್ಟಿಲ್ಲ. ಹೆಣ್ಣು ಮೊದಲ ಸಲ ಹೆರುವ ಹೊತ್ತಿಗೆ ಹದಿನೈದರ ಆಸುಪಾಸು. ಅಂದರೆ ಒಬ್ಬ ತಾಯಿ ಇಡೀ ಬಾಳಿನಲ್ಲಿ ಬೆಳೆಸುವುದು ನಾಲ್ಕೈದು ಮರಿ, ಅದೂ ಎಲ್ಲ ಚೆನ್ನಾಗಿ ನಡೆದರೆ. ಎಣ್ಣೆ ತಾಳೆಯ ತೋಟಕ್ಕಾಗಿ ಕಾಡು ಕಡಿದಾಗ ಹೋಗುವುದು ಹಣ್ಣಿನ ಮರಗಳು, ಹಸಿವಿನ ತಿಂಗಳುಗಳು ಉದ್ದವಾಗುತ್ತವೆ, ಆ ಭಾರವೆಲ್ಲ ಹಾಲೂಡಿಸುವ ತಾಯಿಯ ಮೈಮೇಲೆ ಬೀಳುತ್ತದೆ. ಸಾಕುವುದಕ್ಕೆ ಅಂತ ಮರಿ ಹಿಡಿಯುವವರು ಹೆಚ್ಚಾಗಿ ತಾಯಿಯನ್ನು ಕೊಂದೇ ಹಿಡಿಯುತ್ತಾರೆ. ಹಾಗೆ ಸಿಕ್ಕ ಮೂರು ನಾಲ್ಕು ವರ್ಷದ ಮರಿ ಹಣ್ಣು ತಿನ್ನುತ್ತಿದೆ, ಬದುಕಿಕೊಳ್ಳುತ್ತದೆ ಬಿಡು ಅನ್ನುವವರಿಗೆ ಈ ಹಲ್ಲುಗಳನ್ನು ತೋರಿಸಬೇಕು. ಆ ವಯಸ್ಸಿನಲ್ಲಿ ಅದಕ್ಕೆ ಇನ್ನೂ ನಾಲ್ಕೈದು ವರ್ಷದ ಹಾಲು ಬಾಕಿ ಇತ್ತು.